ಆಮದಪ್ಪನ ಕರವಸ್ತ್ರ

ಬೋರ್ಡಿನ ಬಣ್ಣ ಒಣಗುವ ಮುಂಚೆಯೇ ಬೀದಿಯವರು ಅವನಿಗೆ ಹೊಸ ಹೆಸರಿಟ್ಟುಬಿಟ್ಟಿದ್ದರು. ಬೋರ್ಡಿನಲ್ಲಿ ಮೊದಲು ಇದ್ದದ್ದು ‘ಬಟ್ಟೆ ವ್ಯಾಪಾರಿಗಳು’ ಎಂದಷ್ಟೆ. ಅದರ ಮುಂದೆ ಅವನು ‘ಮತ್ತು ಆಮದುದಾರರು’ ಎಂದು ಕೆಂಪಕ್ಷರದಲ್ಲಿ ಬರೆಸಿದ. ಬೆಳಿಗ್ಗೆ ಬಣ್ಣ ಬಳಿದರು. ಮಧ್ಯಾಹ್ನ ಪಕ್ಕದ ಔಷಧಿ ಅಂಗಡಿಯವನು “ಏನ್ ಆಮದಪ್ಪ, ಊಟ ಆಯ್ತಾ?” ಎಂದ. ಸಂಜೆಯ ಹೊತ್ತಿಗೆ ಅಂಚೆಯವನೂ ಹಾಗೇ ಕೂಗಿದ. ಹುಟ್ಟಿದಾಗ ಇಟ್ಟ ಹೆಸರಿನ ಆಯುಷ್ಯ ಅಂದಿಗೆ ಮುಗಿಯಿತು. ಬೇರೆ ಯಾರಾದರೂ ಆಗಿದ್ದರೆ ಮುಖ ಗಂಟಿಕ್ಕುತ್ತಿದ್ದರು. ಆಮದಪ್ಪ ಎದೆ ಉಬ್ಬಿಸಿದ. ತಮಾಷೆಗೂ ಮರ್ಯಾದೆಗೂ ಇರುವ ವ್ಯತ್ಯಾಸ ಅವನಿಗೆ ಎಂದೂ ಅಷ್ಟಾಗಿ ತಿಳಿದದ್ದಿಲ್ಲ. ಅದರಿಂದಲೇ ಅವನ ಆರೋಗ್ಯ ಚೆನ್ನಾಗಿತ್ತು.

ಅಲ್ಲಿಯವರೆಗೆ ಅವನು ಆಮದು ಮಾಡಿದ್ದೇನು ಎಂದು ಯಾರೂ ಕೇಳಬಾರದು. ಏನೂ ಇಲ್ಲ. ಮದುವೆಯಾದಾಗಿನಿಂದ ಅವನು ಅದೇ ಗಲ್ಲಾಪೆಟ್ಟಿಗೆಯ ಹಿಂದೆ ನಿಂತು ದಿಂಬಿನ ಬಟ್ಟೆ, ಶಾಲೆಯ ಯೂನಿಫಾರಂ ಬಟ್ಟೆ, ಲಂಗದ ಬಟ್ಟೆ ಅಳೆದು ಕತ್ತರಿಸುತ್ತಿದ್ದ. ಹೊರದೇಶದ ಮೂಟೆಯೊಂದನ್ನು ತರಿಸುವ ಯೋಚನೆ ಹುಟ್ಟಿದ್ದು ಅತ್ತೆಯ ಬಾಯಿಂದ. ಅದೂ ಅತ್ತೆ ಆಡದೇ ಉಳಿದ ಒಂದು ಮಾತಿನಿಂದ.

ಅತ್ತೆಗೆ ಇಬ್ಬರು ಹೆಣ್ಣುಮಕ್ಕಳು, ಅಂದಮೇಲೆ ಅಳಿಯಂದಿರೂ ಇಬ್ಬರೇ. ಹಿರಿಯ ಅಳಿಯ ಕಟ್ಟಡದ ಕಂಟ್ರಾಕ್ಟರು. ಅವನ ವಿಷಯ ಬಂದಾಗ ಅತ್ತೆ “ನಮ್ಮ ಅಳಿಯಂದ್ರು” ಎನ್ನುತ್ತಿದ್ದರು. ಹಾಗೆನ್ನುವಾಗ ಅವರ ಕತ್ತು ಸ್ವಲ್ಪ ನೆಟ್ಟಗಾಗುತ್ತಿತ್ತು. ಆಮದಪ್ಪನ ವಿಷಯ ಬಂದಾಗ ಅವರು “ಚಿಕ್ಕೋಳ ಗಂಡ” ಎನ್ನುತ್ತಿದ್ದರು. “ಅಳಿಯಂದ್ರು ಬಂದಿದಾರೆ, ಚಿಕ್ಕೋಳ ಗಂಡನೂ ಬಂದಿದಾನೆ” ಎಂದು ಫೋನಿನಲ್ಲಿ ಯಾರಿಗೋ ಹೇಳುವುದನ್ನು ಅವನು ಎಷ್ಟೋ ಸಲ ಕೇಳಿದ್ದ. ಅದರಲ್ಲಿ ದ್ವೇಷವಿರಲಿಲ್ಲ, ಅದು ಅವರ ವಿಂಗಡಣೆ, ಅಷ್ಟೆ. ಆದರೆ ಆಮದಪ್ಪನಿಗೆ ಅದು ಚಪ್ಪಲಿಯೊಳಗಿನ ಕಲ್ಲಿನ ಹಾಗೆ ಒತ್ತುತ್ತಿತ್ತು. ಬೀದಿಯೆಲ್ಲ ಏನಾದರೂ ಕರೆಯಲಿ, ಅತ್ತೆಯ ಬಾಯಲ್ಲಿ ಒಂದೇ ಒಂದು ಸಲ ಅಳಿಯ ಅನ್ನಿಸಿಕೊಳ್ಳಬೇಕು ಎಂಬ ಆಸೆ ಅವನಿಗಿತ್ತು.

ಹಿರಿಯ ಅಳಿಯ ದೊಡ್ಡದೊಂದು ಸಭಾಂಗಣ ಕಟ್ಟಿಸುತ್ತಿದ್ದ. ಎರಡೂ ಗೋಡೆಗೆ ಆಳೆತ್ತರದ ಕಿಟಕಿಗಳು. ಅದರ ಪರದೆಯ ಮಾತು ಮನೆಯವರೆಲ್ಲ ಸೇರಿದ್ದಾಗ ಬಂತು. ಪೇಟೆಯ ದೊಡ್ಡ ಮಳಿಗೆಗೆ ಹೇಳುತ್ತೇನೆ ಎಂದು ಹಿರಿಯವನು ಅಂದದ್ದೇ ತಡ, ಆಮದಪ್ಪ ಎದ್ದು ನಿಂತ.

“ಪರದೆ ನಂದು ಭಾವ. ಲಿನನ್. ಹೊರದೇಶದಿಂದ ತರಿಸ್ತೀನಿ.”

ಎಲ್ಲರೂ ನಕ್ಕರು. ನಗದಿದ್ದವಳು ಅವನ ಹೆಂಡತಿಯೊಬ್ಬಳೇ. ಗಂಡನ ಮೇಲೆ ಅವಳಿಗೆ ನೂರು ದೂರುಗಳಿದ್ದವು, ಆದರೆ ಆ ದೂರುಗಳನ್ನು ಬೇರೆಯವರು ಹೇಳಕೂಡದು ಎಂಬ ಹಟವೂ ಇತ್ತು.

“ಯಾಕೆ ನಗ್ತೀರ? ನಮ್ಮನೆಯವ್ರು ಹೇಳಿದ್ಮೇಲೆ ಮುಗೀತು” ಎಂದಳು ಅಕ್ಕನ ಕಡೆ ತಿರುಗಿ. “ಹಾಲ್ ಶುರುವಾಗೋ ದಿನ ನಮ್ಮ ಪರದೆ ನೇತಾಡ್ದೆ ಇದ್ರೆ, ನಾನು ಅದರ ಬಾಗಿಲು ತುಳಿಯಲ್ಲ ನೋಡು.”

ಹೀಗೆ ಒಂದು ಮೂಟೆ ಬಟ್ಟೆಯ ಮೇಲೆ ಹೆಂಡತಿಯ ಮಾತು, ಗಂಡನ ಮಾನ ಎರಡೂ ಹೇರಿಕೊಂಡವು. ಹಡಗು ಅದನ್ನೆಲ್ಲ ಹೊತ್ತುಕೊಂಡು ನಿಧಾನವಾಗಿ ಬಂತು.

*

ಬಂದರಿನ ಕಸ್ಟಮ್ಸ್ ಗೋದಾಮಿನಲ್ಲಿ ಆಮದಪ್ಪನ ಜೊತೆ ನಿಂತವನು ಸರಕು ಬಿಡಿಸಿಕೊಡುವ ಕ್ಲಿಯರಿಂಗ್ ಏಜೆಂಟು. ಅವನನ್ನು ಬಂದರಿನವರೆಲ್ಲ ‘ಆಯ್ತು ಬಿಡಿ’ ಎಂದೇ ಕರೆಯುತ್ತಿದ್ದರು. ಕೆಲಸ ಆದರೂ ಆಗದಿದ್ದರೂ ಅವನು ಹೇಳುತ್ತಿದ್ದದ್ದು ಆ ಎರಡು ಪದ. ಎದುರಿಗೆ ಯುವಕ ಪರೀಕ್ಷಕ ಮೂಟೆಯ ಬಾಯಿ ಬಿಚ್ಚಿಸಿ, ಬಟ್ಟೆಯ ತುದಿಯನ್ನು ಹೆಬ್ಬೆರಳಿನಿಂದ ಉಜ್ಜಿ, ಬೆಳಕಿಗೆ ಹಿಡಿದು ನೋಡಿದ.

“ಇದು ಹತ್ತಿ ಅಲ್ವೇನ್ರಿ?”

“ಲಿನನ್ ಸ್ವಾಮಿ. ಅಪ್ಪಟ ಅಗಸೆ ನಾರು.”

“ಕಾಗದದಲ್ಲಿ ಮಿಶ್ರ ಅಂತ ಬರ್ದಿದೀರ. ಹತ್ತೀನೂ ಇದೆ ಇದರಲ್ಲಿ.”

“ಇದೆ ಇದೆ. ಆದ್ರೆ ಹತ್ತಿ ಬರೀ ನೆಂಟಸ್ತನಕ್ಕೆ ಬಂದಿರೋದು. ಮನೆ ಯಜಮಾನ ಲಿನನ್ನೇ.”

ಪರೀಕ್ಷಕ ನಗಲಿಲ್ಲ. ನೌಕರಿಗೆ ಸೇರಿ ಸ್ವಲ್ಪವೇ ದಿನವಾಗಿತ್ತು. ಯಾವಾಗ ನಗಬಹುದು ಎಂಬುದು ಅವನಿಗೆ ಇನ್ನೂ ಗೊತ್ತಾಗಿರಲಿಲ್ಲ. “ಯಜಮಾನ ಯಾರು ಅಂತ ನಾವು ಬಾಯ್ಮಾತಲ್ಲಿ ಒಪ್ಪಲ್ಲ. ಎರಡು ನೂಲು ಸೇರಿಸಿ ನೇಯ್ದಾಗ, ಯಾವುದರ ತೂಕ ಜಾಸ್ತಿನೋ ಇಡೀ ಬಟ್ಟೆಗೆ ಅದರ ಹೆಸರು. ಸುಂಕಾನೂ ಅದರದ್ದೇ. ಲ್ಯಾಬ್‌ನವ್ರು ಹೇಳ್ಬೇಕು.”

ಬಟ್ಟೆಯಿಂದ ಮೊಳಕ್ಕಿಂತ ಅಗಲದ, ಚೌಕಾಕಾರದ ಮೂರು ತುಂಡು ಕತ್ತರಿಸಿದರು. ಮೂರರ ಮೂಲೆಗೂ ನೇರಳೆ ಮಸಿಯ ಮೊಹರು ಬಿತ್ತು. ಒಂದು ಲ್ಯಾಬಿಗೆ, ಒಂದು ಕಚೇರಿಗೆ, ಇನ್ನೊಂದು ಆಮದುದಾರನಿಗೆ. ಮೂಟೆಯ ಬಾಯಿ ಮತ್ತೆ ಮುಚ್ಚಿ ಅರಗು ಹಾಕಿದರು.

“ಇದನ್ನ ಜೋಪಾನವಾಗಿ ಇಟ್ಕೊಳ್ಳಿ” ಎಂದ ಪರೀಕ್ಷಕ, ಮೂರನೆಯ ತುಂಡನ್ನು ಕೊಡುತ್ತ.

“ಮಗು ಥರ ನೋಡ್ಕೋತೀನಿ” ಎಂದ ಆಮದಪ್ಪ. ಹೇಳಿದಂತೆಯೇ ನಡೆದುಕೊಂಡ. ಹೊಸ ಮಗುವನ್ನು ಜನ ಹೇಗೆ ನೋಡಿಕೊಳ್ಳುತ್ತಾರೆ? ಮನೆಗೆ ಬಂದವರ ಕೈಗೆಲ್ಲ ಕೊಡುತ್ತಾರೆ.

ಸ್ಯಾಂಪಲ್ಲು ಬೀದಿಗೆ ಬಂದ ಮೊದಲ ಸಂಜೆ ಔಷಧಿ ಅಂಗಡಿಯವನು ಅದನ್ನು ಕೆನ್ನೆಗೆ ಒತ್ತಿಕೊಂಡು ಕಣ್ಣು ಮುಚ್ಚಿದ. ಎದುರು ಮನೆಯ ನಿವೃತ್ತ ಹೆಡ್‌ಮಾಸ್ಟರು ಕನ್ನಡಕ ಹಣೆಗೇರಿಸಿ, ಬಟ್ಟೆಯನ್ನು ಮೂಗಿಗೆ ಹಿಡಿದು, “ನಾರು ನಾರೇ. ಇದರಲ್ಲಿ ಎರಡು ಮಾತಿಲ್ಲ” ಎಂದು ತೀರ್ಪು ಕೊಟ್ಟರು. ಸೈಕಲ್ ರಿಪೇರಿಯವನು ಕೈ ತೊಳೆದುಕೊಂಡೇ ಮುಟ್ಟಿದ. ಆದರೆ ಅವನ ಕೈ ತೊಳೆದರೂ ತೊಳೆಯದ ಹಾಗೇ ಇರುತ್ತಿತ್ತು. ಮಾರನೆಯ ದಿನ ಹೆಡ್‌ಮಾಸ್ಟರರ ತಂಗಿ ಒಂದೆಳೆ ಹಿರಿದು ಹಲ್ಲಿನಲ್ಲಿ ಕಚ್ಚಿ ನೋಡಿದಳು. ಅಂತೂ ಸ್ಯಾಂಪಲ್ಲು ಮನೆಗೆ ಮರಳುವ ಹೊತ್ತಿಗೆ ಅಂಚಿನ ಎಳೆಗಳೆಲ್ಲ ಬಿಚ್ಚಿ, ನಡುವೆ ಗ್ರೀಸಿನ ಬೆರಳಚ್ಚು ಮೂಡಿ, ಮೂಲೆಯ ನೇರಳೆ ಮೊಹರು ಹರಡಿ, ಒಟ್ಟಿನಲ್ಲಿ ಅದು ದೇಶ ಸುತ್ತಿ ಬಂದವರ ಮುಖದ ಹಾಗಿತ್ತು. ಆಮದಪ್ಪ ಅದನ್ನು ಕುರ್ಚಿಯ ಮೇಲೆ ಹಾಕಿ ಅಂಗಡಿಗೆ ಹೋದ.

ಆ ಕುರ್ಚಿಯ ಪಕ್ಕದ ಕುರ್ಚಿಯಲ್ಲಿ ಅತ್ತೆ ಕೂತಿದ್ದರು.

ಸಭಾಂಗಣದ ಗಾರೆ ಕೆಲಸದ ಧೂಳಿಗೆ ಕೆಮ್ಮು ಬಂತೆಂದು ಅವರು ಆ ಕಾಲಕ್ಕೆ ಚಿಕ್ಕ ಮಗಳ ಮನೆಗೆ ಬಂದಿದ್ದರು. ಅತ್ತೆಗೆ ಜಗತ್ತಿನಲ್ಲಿ ಸಹಿಸಲಾಗದ ಸಂಗತಿ ಒಂದೇ: ಎಳೆ ಬಿಟ್ಟ ಬಟ್ಟೆ. ಒಮ್ಮೆ ದೂರದ ಬಸ್ ಪ್ರಯಾಣದಲ್ಲಿ ಮುಂದಿನ ಸೀಟಿನ ಹೆಂಗಸಿನ ಶಾಲು ಹಿಂದಕ್ಕೆ ಜೋತುಬಿದ್ದಿತ್ತು, ಅದರ ಅಂಚು ಬಿಚ್ಚಿತ್ತು. ಆ ಹೆಂಗಸು ನಿದ್ದೆಯಿಂದ ಏಳುವ ಹೊತ್ತಿಗೆ ಅಂಚು ಹೊಲಿದಾಗಿತ್ತು. ಯಾರು ಹೊಲಿದರೆಂದು ಆಕೆಗೆ ಈವರೆಗೂ ಗೊತ್ತಿಲ್ಲ. ಸೂಜಿಯ ಡಬ್ಬಿ ಅತ್ತೆಯ ಕೈಚೀಲ ಬಿಟ್ಟು ಕದಲುತ್ತಿರಲಿಲ್ಲ.

ಸಂಜೆ ಆಮದಪ್ಪ ಮನೆಗೆ ಬಂದಾಗ ಕುರ್ಚಿಯ ಮೇಲೆ ಇಸ್ತ್ರಿ ಮಾಡಿ ಮಡಿಸಿಟ್ಟ ಬಿಳಿಯ ಚೌಕವೊಂದಿತ್ತು. ನಾಲ್ಕೂ ಅಂಚು ಒಳಕ್ಕೆ ಮಡಿಚಿ, ಅಕ್ಕಿಯ ನುಚ್ಚಿನಷ್ಟು ಸಣ್ಣ ಹೊಲಿಗೆಯಲ್ಲಿ ಹೆಮ್ಮಿಂಗ್ ಮಾಡಿತ್ತು. ಮೂಲೆಯಲ್ಲಿ ನೀಲಿ ದಾರದ ಐದೆಸಳಿನ ಹೂವು.

“ಒಗ್ದೆ. ಆ ಮಸಿ ಕಲೆ ಎಷ್ಟು ಉಜ್ಜಿದ್ರೂ ಹೋಗ್ಲಿಲ್ಲ. ಅದಕ್ಕೇ ಅದರ ಮೇಲೊಂದು ಹೂವು ಹಾಕ್ದೆ” ಎಂದರು ಅತ್ತೆ, ಕನ್ನಡಕದ ಮೇಲಿಂದ ನೋಡುತ್ತ. “ಗಂಡಸರು ಕೊಳೆ ಕರವಸ್ತ್ರ ಇಟ್ಕೊಂಡು ಓಡಾಡ್ಬಾರ್ದಪ್ಪ.”

ಬುದ್ಧಿವಂತನಾಗಿದ್ದರೆ ಆ ಕ್ಷಣ ತಲೆಯ ಮೇಲೆ ಕೈ ಹೊತ್ತು ಕೂತಿರುತ್ತಿದ್ದ. ಆಮದಪ್ಪ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. ಹಿರಿಯ ಅಳಿಯನಿಗೆ ಅತ್ತೆ ಜುಬ್ಬ ಹೊಲಿದಿದ್ದರು, ಸ್ವೆಟರು ಹೆಣೆದಿದ್ದರು, ಅವನ ಕಾರಿನ ಸೀಟಿಗೂ ಕವರು ಹೊಲಿದಿದ್ದರು. ಚಿಕ್ಕೋಳ ಗಂಡನಿಗೆಂದು ಅವರು ಸೂಜಿಗೆ ದಾರ ಪೋಣಿಸಿದ್ದು ಇದೇ ಮೊದಲು. ಅವನು ಆ ಹೂವನ್ನು ಬೆರಳಿನಿಂದ ಮೆಲ್ಲಗೆ ಸವರಿದ. ಅದರ ಕೆಳಗೆ ಸರ್ಕಾರದ ಮೊಹರು ಉಸಿರುಗಟ್ಟಿ ಮಲಗಿದೆ ಎಂಬುದು ಅವನಿಗೆ ನೆನಪೇ ಆಗಲಿಲ್ಲ.

*

‘ಆಯ್ತು ಬಿಡಿ’ ಫೋನು ಮಾಡಿದ. ಲ್ಯಾಬ್ ವರದಿ ಬಂದಿತ್ತು: ತೂಕದಲ್ಲಿ ಲಿನನ್ ಗೆದ್ದಿತ್ತು. ಇನ್ನೊಂದೇ ಸಣ್ಣ ಕೆಲಸ. ಲ್ಯಾಬಿಗೆ ಹೋದ ತುಂಡು ಇದೇ ಮೂಟೆಯದು ಎಂದು ಸೂಪರಿಂಟೆಂಡೆಂಟ್ ಸಾಹೇಬರು ಕಚೇರಿಯ ತುಂಡಿನ ಜೊತೆ ಹೋಲಿಸಿ ನೋಡಬೇಕು. ಕಚೇರಿಯ ತುಂಡು ಕಳೆದುಹೋಗಿತ್ತು. ಕಳೆದುಹೋಗಿದೆ ಎಂದು ಸರ್ಕಾರಿ ಕಚೇರಿಯಲ್ಲಿ ಯಾರೂ ಹೇಳುವುದಿಲ್ಲ. “ಸದ್ಯಕ್ಕೆ ಕೈಗೆ ಸಿಗ್ತಿಲ್ವಂತೆ, ನಿಮ್ಮದನ್ನೇ ತನ್ನಿ” ಎಂದ ಏಜೆಂಟು.

ಆಮದಪ್ಪ ತಲೆ ಬಾಚಿಕೊಂಡು ಹೊರಟ. ಒಗೆದು, ಇಸ್ತ್ರಿ ಮಾಡಿ, ಹೂವು ಹಾಕಿದ ಸ್ಯಾಂಪಲ್ಲನ್ನು ಕಂಡು ಸಾಹೇಬರು ಖುಷಿಯಾಗುತ್ತಾರೆ ಎಂದು ಅವನು ನಿಜವಾಗಿಯೂ ನಂಬಿದ್ದ.

ಪರೀಕ್ಷಕ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ.

“ಏನ್ರೀ ಇದು?”

“ಸ್ಯಾಂಪಲ್ಲು.”

“ಮೊಹರೆಲ್ಲಿ?”

“ಹೂವಿನ ಕೆಳಗಿದೆ.”

ಪರೀಕ್ಷಕ ಆ ಚೌಕವನ್ನು ತಟ್ಟೆ ಹಿಡಿದವನ ಹಾಗೆ ಎರಡೂ ಅಂಗೈಯಲ್ಲಿ ಹೊತ್ತು ಒಳಗಿನ ಕೋಣೆಗೆ ನಡೆದ. ಸೂಪರಿಂಟೆಂಡೆಂಟ್ ಸಾಹೇಬರು ದಪ್ಪ ಕನ್ನಡಕದ, ನಿಧಾನ ಮಾತಿನ ಮನುಷ್ಯ. ಮೇಜಿನ ಮೇಲೆ ಸುಂಕದ ದಪ್ಪ ಪುಸ್ತಕ, ಪಕ್ಕದಲ್ಲಿ ನೀರಿನ ಹೂಜಿ. ಹೂಜಿಯಿಂದ ಒಂದು ಲೋಟ ನೀರು ಬಗ್ಗಿಸಿ ಕುಡಿದು, ಪುಸ್ತಕ ತೆರೆದರು.

“ಅಂಚು ಮಡಿಚಿ ಹೊಲಿದ್ರೆ ಅದು ಬಟ್ಟೆ ಅಲ್ಲ ಕಣ್ರೀ” ಎಂದರು. “ಸಿದ್ಧವಸ್ತು. ಅದರ ಅಧ್ಯಾಯವೇ ಬೇರೆ. ನೀವು ಬಟ್ಟೆ ಅಂತ ಬರೆದುಕೊಟ್ಟು ಕರವಸ್ತ್ರ ತರಿಸಿದೀರ?”

“ಅಯ್ಯೋ, ಒಂದು ಮೂಟೆ ಕರವಸ್ತ್ರ ತಗೊಂಡು ನಾನೇನ್ಮಾಡ್ಲಿ ಸ್ವಾಮಿ? ನಮ್ಮ ಇಡೀ ಊರಿಗೆ ನೆಗಡಿ ಬಂದ್ರೂ ಖರ್ಚಾಗಲ್ಲ.”

“ಸಾರ್, ಇದು ಕರವಸ್ತ್ರವೋ ಅಲ್ವೋ ಅನ್ನೋದೂ ನೋಡ್ಬೇಕು” ಎಂದ ಪರೀಕ್ಷಕ ಉತ್ಸಾಹದಿಂದ. “ಒಂದು ಕಡೆ ಅರವತ್ತು ಸೆಂಟಿಮೀಟರ್ ದಾಟಿದ್ರೂ ಅದು ಶಾಲು ಆಗುತ್ತೆ.”

ಅಳತೆ ಪಟ್ಟಿ ಬಂತು. ಪರೀಕ್ಷಕ ಅಳೆದಾಗ ಅರವತ್ತನ್ನು ಕೂದಲೆಳೆಯಷ್ಟು ದಾಟಿತ್ತು. ಸಾಹೇಬರು ಅಳೆದಾಗ ಅಷ್ಟಿರಲಿಲ್ಲ. ಪಕ್ಕದ ಕೋಣೆಯ ಹಿರಿಯ ಗುಮಾಸ್ತರನ್ನು ಕರೆಸಿದರು. ಎಳೆದು ಹಿಡಿದರೆ ಶಾಲು, ಸಡಿಲ ಬಿಟ್ಟರೆ ಕರವಸ್ತ್ರ ಎಂದು ಅವರು ಹೇಳಿ, ಎಳೆಯಬೇಕೋ ಬಿಡಬೇಕೋ ಎಂಬುದು ಮೇಲಿನವರ ವಿವೇಚನೆ ಎಂದು ಕೈ ತೊಳೆದುಕೊಂಡರು. ಅಷ್ಟರಲ್ಲಿ ಪರೀಕ್ಷಕನ ಕಣ್ಣು ಹೂವಿನ ಮೇಲೆ ಬಿತ್ತು.

“ಸಾರ್, ಕಸೂತಿ ಬಟ್ಟೆಗೆ ಬೇರೆ ಅಧ್ಯಾಯವೇ ಇದೆ!”

“ಆಯ್ತು ಬಿಡಿ” ಎಂದ ಏಜೆಂಟು. ಈ ಸಲ ಅದಕ್ಕೆ ಮುಗಿಯಿತು ಎಂದೇ ಅರ್ಥ.

“ಮೂಟೆ ಬಿಚ್ಚಿ ನೋಡಿ ಸ್ವಾಮಿ. ಒಳಗೆ ಇರೋದು ಬಟ್ಟೇನೋ ಕರವಸ್ತ್ರಾನೋ ಅಲ್ಲೇ ಗೊತ್ತಾಗುತ್ತೆ” ಎಂದ ಆಮದಪ್ಪ.

“ತಕರಾರು ತೀರೋವರೆಗೂ ಮೂಟೆ ಬಿಚ್ಚೋ ಹಾಗಿಲ್ಲ.”

“ಮೂಟೆ ಬಿಚ್ಚದೆ ತಕರಾರು ಹೇಗೆ ತೀರುತ್ತೆ?”

“ಅದು ಬೇರೆ ತಕರಾರು” ಎಂದರು ಸಾಹೇಬರು. ಆದರೆ ಅವರು ಕೆಟ್ಟವರಲ್ಲ. ಕನ್ನಡಕ ತೆಗೆದು ಒರೆಸಿಕೊಂಡು, ದನಿ ತಗ್ಗಿಸಿ, “ನೋಡಿ, ಸುಲಭದ ದಾರಿ ಹೇಳ್ತೀನಿ. ಈ ಹೊಲಿಗೆ ಬಿಚ್ಚಿಬಿಡಿ, ಈ ಹೂವೂ ಬಿಚ್ಚಿ. ಕೆಳಗೆ ಮೊಹರು ಕಾಣುತ್ತೆ. ಅಲ್ಲಿಗೆ ಇದು ಮತ್ತೆ ಬಟ್ಟೆ. ಇವತ್ತೇ ಸಹಿ ಹಾಕ್ತೀನಿ” ಎಂದರು.

ಏಜೆಂಟು ಆಗಲೇ ಜೇಬಿನಿಂದ ಬ್ಲೇಡು ತೆಗೆದಿದ್ದ. “ಆಯ್ತು ಬಿಡಿ, ಎರಡು ನಿಮಿಷ.” ಬ್ಲೇಡಿನ ಮೂಲೆ ಹೂವಿನ ಮೊದಲ ಎಸಳಿಗೆ ತಾಗಿತು.

“ಬೇಡ!” ಎಂದ ಆಮದಪ್ಪ.

ಆ ಕೂಗಿಗೆ ಪಕ್ಕದ ಕೋಣೆಯ ಗುಮಾಸ್ತರ ಟೀ ಚೆಲ್ಲಿತು. ಯಾಕೆ ಕೂಗಿದೆನೆಂದು ಆಮದಪ್ಪನಿಗೇ ತಿಳಿಯಲಿಲ್ಲ. ಕಿಟಕಿಗಳು ನೆನಪಾದವು, ಹೆಂಡತಿಯ ಮಾತು ನೆನಪಾಯಿತು, ಎಲ್ಲವೂ ನೆನಪಾಯಿತು. ಆದರೂ ಅವನ ಕೈ ಮುಂದೆ ಚಾಚಿ ಆ ಚೌಕವನ್ನು ಕಿತ್ತುಕೊಂಡು ಎದೆಯ ಜೇಬಿಗೆ ತುರುಕಿಕೊಂಡಿತು.

“ಇದು ನಮ್ಮತ್ತೆ ಹಾಕಿದ ಹೂವು ಸ್ವಾಮಿ. ಬಿಚ್ಚಕ್ಕಾಗಲ್ಲ.”

ಸಾಹೇಬರು ಕನ್ನಡಕ ಹಾಕಿಕೊಂಡು ಅವನನ್ನು ನೋಡಿದರು. ಇಷ್ಟು ವರ್ಷದ ನೌಕರಿಯಲ್ಲಿ ಸುಂಕ ತಪ್ಪಿಸಲು ಜನ ಹೇಳಿದ ಕಾರಣಗಳೆಲ್ಲ ಅವರಿಗೆ ಬಾಯಿಪಾಠವಾಗಿದ್ದವು. ಇದು ಅದರಲ್ಲಿರಲಿಲ್ಲ. “ಹಾಗಾದ್ರೆ ನಿಮ್ಮತ್ತೇನೇ ಕರ್ಕೊಂಡು ಬನ್ನಿ. ಇಲ್ಲೇ ಹೊಲಿದದ್ದು, ಹೊರದೇಶದಲ್ಲಲ್ಲ ಅಂತ ಅವರೇ ಬಂದು ಹೇಳ್ಲಿ” ಎಂದರು.

*

ಆಮದಪ್ಪ ಮನೆ ಸೇರುವುದಕ್ಕಿಂತ ಮುಂಚೆ ಸುದ್ದಿ ಬೀದಿ ಸೇರಿತ್ತು. ಬಟ್ಟೆಯ ಮೂಟೆಯಲ್ಲಿ ಬೇರೇನೋ ಸಿಕ್ಕಿದೆ ಎಂದು ಸೈಕಲ್ ರಿಪೇರಿಯವನು ಹೇಳಿದ. ಅದು ಶಾಲಂತೆ ಎಂದು ಔಷಧಿ ಅಂಗಡಿಯವನು ತಿದ್ದಿದ. ಅತ್ತೆಯನ್ನೂ ಕಸ್ಟಮ್ಸ್‌ನವರು ಕರೆಸಿದ್ದಾರೆ ಎಂಬುದು ತಿಳಿದ ಮೇಲೆ ಹೆಡ್‌ಮಾಸ್ಟರು, “ಆ ವಯಸ್ಸಾದ ಹೆಂಗಸೇ ಇದಕ್ಕೆಲ್ಲ ಮೂಲ ಅಂತ ನನಗೆ ಮೊದಲೇ ಅನುಮಾನ ಇತ್ತು. ಅವರ ಕೈಚೀಲ ನೋಡಿದೀರಾ, ಒಂದು ಗಳಿಗೆ ಕೆಳಗಿಡಲ್ಲ” ಎಂದರು. ಅವರ ತಂಗಿ ತಾನು ಹಲ್ಲಿನಲ್ಲಿ ಕಚ್ಚಿದ ಎಳೆಯಿಂದ ತನಗೇನಾದರೂ ತೊಂದರೆಯಾದೀತೇ ಎಂದು ವಿಚಾರಿಸಿಕೊಂಡು ಹೋದಳು.

ಹಿರಿಯ ಅಳಿಯನ ಫೋನೂ ಬಂತು. “ಪರವಾಗಿಲ್ಲ ತಮ್ಮಾ, ಬೇಜಾರು ಮಾಡ್ಕೋಬೇಡ. ನಾಳೆ ಸಂಜೆವರೆಗೂ ನೋಡ್ತೀನಿ. ಆಮೇಲೆ ಪೇಟೆಯವರಿಗೆ ಹೇಳ್ಬಿಡ್ತೀನಿ.” ದನಿಯಲ್ಲಿ ಕರುಣೆಯಿತ್ತು. ಬೈದಿದ್ದರೆ ಆಮದಪ್ಪನಿಗೆ ಅಷ್ಟು ಉರಿಯುತ್ತಿರಲಿಲ್ಲ.

ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಅಮ್ಮನಿಗೆ ಕೇಳಿಸಬಾರದೆಂದು ಪಿಸುಗುಟ್ಟಿದಳು. ಅವಳ ಪಿಸುಮಾತು ಎದುರು ಮನೆಗೆ ಚೆನ್ನಾಗಿ ಕೇಳಿಸುತ್ತಿತ್ತು. “ಒಂದು ಹೂವಿಗೋಸ್ಕರ ಅಕ್ಕನ ಕಿಟಕಿಗಳ್ನೆಲ್ಲ ಬರೀ ಮೈಯಲ್ಲಿ ನಿಲ್ಲಿಸ್ತೀರಾ? ಬಿಚ್ಚಿದ್ರೆ ಆಗ್ತಿರ್ಲಿಲ್ವಾ? ಅಮ್ಮ ಇನ್ನೊಂದು ಹಾಕ್ತಿದ್ರು!”

“ಹಾಕ್ತಿದ್ರೋ ಇಲ್ವೋ” ಎಂದ ಆಮದಪ್ಪ. ಅಷ್ಟೇ ಹೇಳಿದ.

ಹೆಂಡತಿ ಅವನ ಮುಖ ನೋಡಿದಳು. ಸೊಂಟದ ಮೇಲಿನ ಕೈ ತಾನಾಗಿ ಕೆಳಗಿಳಿಯಿತು. “ಸರಿ. ನಾಳೆ ಅಮ್ಮನ ಜೊತೆ ನಾನೂ ಬರ್ತೀನಿ” ಎಂದಳು.

*

ಮರುದಿನ ಕಸ್ಟಮ್ಸ್ ಕಚೇರಿಗೆ ಅತ್ತೆ ಒಳ್ಳೆಯ ಸೀರೆಯುಟ್ಟು ಬಂದರು. ಸಾಹೇಬರ ಎದುರಿನ ಕುರ್ಚಿಯಲ್ಲಿ ಕೂತು, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಕೋಣೆಯನ್ನೆಲ್ಲ ಒಮ್ಮೆ ನೋಡಿದರು. ಆಮದಪ್ಪ ಹೂವಿನ ಚೌಕವನ್ನು ಮೇಜಿನ ಮೇಲಿಟ್ಟ. ಹಿಂದೆ ಅವನು, ಹೆಂಡತಿ, ಏಜೆಂಟು ಸಾಲಾಗಿ ನಿಂತರು. ಹೇಳಿಕೆ ಟೈಪು ಮಾಡಲು ಗುಮಾಸ್ತರು ಬಂದರು. ಬೇರೆ ಕೋಣೆಗಳಿಂದಲೂ ಇಬ್ಬರು ಮೂವರು ಏನೋ ಫೈಲು ಹುಡುಕುವವರಂತೆ ಬಂದು ನಿಂತರು.

“ಅಮ್ಮಾ, ಈ ಹೊಲಿಗೆ ನಿಮ್ಮದೇನಾ?” ಎಂದರು ಸಾಹೇಬರು.

“ಮತ್ತ್ಯಾರ್ದು?”

“ಹೂವು?”

“ಅದೂ ನಂದೇ. ಯಾಕೆ, ಎಸಳು ವಾರೆ ಆಗಿದ್ಯಾ?”

“ಹಾಗಲ್ಲ. ಇದನ್ನ ಇಲ್ಲೇ ಹೊಲಿದದ್ದು ಅಂತ ನಮಗೆ ಖಾತ್ರಿ ಆಗ್ಬೇಕು. ಇಷ್ಟು ಸಣ್ಣ ಹೊಲಿಗೆ ಕೈಯಲ್ಲಿ ಹಾಕಿದ್ದು ಅಂದ್ರೆ ನಂಬೋದು ಕಷ್ಟ. ನಮ್ಮ ಪರೀಕ್ಷಕರು ಮೆಷಿನ್ನಿನದು ಅಂತಾರೆ.”

ಮೆಷಿನ್ನಿನದು ಎಂಬ ಮಾತಿಗೆ ಅತ್ತೆಯ ಕತ್ತು ನೆಟ್ಟಗಾಯಿತು. ಅವರು ಪರೀಕ್ಷಕನನ್ನು ತಲೆಯಿಂದ ಕಾಲಿನವರೆಗೆ ನೋಡಿ, ಅವನ ಪ್ಯಾಂಟಿನ ಕಾಲಂಚಿನಲ್ಲಿ ಬಿಚ್ಚಿದ್ದ ಒಂದು ಎಳೆಯ ಮೇಲೆ ದೃಷ್ಟಿ ನಿಲ್ಲಿಸಿದರು. ಅವನು ಕಾಲು ಹಿಂದಕ್ಕೆಳೆದುಕೊಂಡ. “ಒಂದು ಬಟ್ಟೆ ಕೊಡಿ. ಇಲ್ಲೇ ಹೊಲಿದು ತೋರಿಸ್ತೀನಿ” ಎಂದರು ಅತ್ತೆ.

ಸಾಹೇಬರು ಆಚೀಚೆ ನೋಡಿದರು. ಡ್ರಾಯರು ಎಳೆದರು, ಏನೂ ಸಿಗಲಿಲ್ಲ. ಕೊನೆಗೆ ನೀರಿನ ಹೂಜಿಯನ್ನು ಎತ್ತಿ, ಅದರ ಕೆಳಗೆ ಹಾಸಿದ್ದ ನಾಲ್ಕು ಮಡಿಕೆಯ ಹಳೆಯ ಬಟ್ಟೆಯನ್ನು ತಾವೇ ಕೈಯಾರೆ ತೆಗೆದುಕೊಟ್ಟರು. “ಇದರ ಮೇಲೆ ತೋರಿಸಿ.”

ಅತ್ತೆ ಡಬ್ಬಿ ತೆರೆದು ಸೂಜಿ ಪೋಣಿಸಿದರು. ಒಂದಂಚು ಮುಗಿಯುವ ಹೊತ್ತಿಗೆ ಸಾಹೇಬರು ಕುರ್ಚಿ ಬಿಟ್ಟು ಬಗ್ಗಿ ನೋಡುತ್ತಿದ್ದರು. ಎರಡನೆಯ ಅಂಚಿಗೆ ಗುಮಾಸ್ತರು ಟೈಪು ಮಾಡುವುದನ್ನು ಮರೆತರು. ನುಚ್ಚಿನಷ್ಟು ಹೊಲಿಗೆ, ಒಂದರ ಪಕ್ಕ ಒಂದು, ಥೇಟು ಅದೇ. ಹೊಲಿಯುವಾಗ ಮಾತು ಬೇಕೆನ್ನಿಸಿ ಸಾಹೇಬರು, “ನಿನ್ನೆ ಒಂದು ನಿಮಿಷದಲ್ಲಿ ಮುಗೀತಿತ್ತಮ್ಮ ಇದು. ಹೂವು ಬಿಚ್ಚಿ ಅಂದೆ. ಈ ಮನುಷ್ಯ ಬ್ಲೇಡು ಕಂಡಿದ್ದೇ ಕಿತ್ಕೊಂಡು ಜೇಬಿಗೆ ಹಾಕ್ಕೊಂಡ್ರು. ‘ನಮ್ಮತ್ತೆ ಹಾಕಿದ ಹೂವು, ಬಿಚ್ಚಕ್ಕಾಗಲ್ಲ’ ಅಂತ ಒಂದೇ ಹಟ” ಎಂದರು.

ಸೂಜಿ ಅರೆಗಳಿಗೆ ನಿಂತಿತು. ಅತ್ತೆ ತಲೆಯೆತ್ತಲಿಲ್ಲ. ಮತ್ತೆ ಹೊಲಿಯತೊಡಗಿದರು, ಮೊದಲಿಗಿಂತ ಸ್ವಲ್ಪ ನಿಧಾನವಾಗಿ.

ನಾಲ್ಕನೆಯ ಅಂಚು ಮುಗಿಸಿ ಮೂಲೆಗೆ ಬಂದವರು ಬಟ್ಟೆಯನ್ನು ಕಣ್ಣ ಹತ್ತಿರ ಹಿಡಿದರು.

“ಇದಕ್ಕೂ ಅದೇ ನೇರಳೆ ಮಸಿ ಕಲೆ ಆಗಿದ್ಯಲ್ಲ. ಇಲ್ಲೂ ಒಂದು ಹೂವು ಹಾಕ್ಲಾ?”

ಪರೀಕ್ಷಕ ಬಗ್ಗಿ ನೋಡಿದ. ಅವನ ಮುಖದ ಬಣ್ಣ ಇಳಿಯಿತು. “ಸಾರ್” ಎಂದ, ಗಂಟಲು ಸರಿಮಾಡಿಕೊಂಡ, ಮತ್ತೆ “ಸಾರ್” ಎಂದ. “ಇದು ನಮ್ಮ ಸ್ಯಾಂಪಲ್ಲು ಸಾರ್. ಕಚೇರಿದು. ಸದ್ಯಕ್ಕೆ ಕೈಗೆ ಸಿಗ್ತಿರ್ಲಿಲ್ವಲ್ಲ, ಅದು.”

ಹೂಜಿ ಬರಿ ಮೇಜಿನ ಮೇಲೆ ಪಾಪದ ಹಾಗೆ ನಿಂತಿತ್ತು. ಅಂಚು ಮಡಿಚಿ ಹೊಲಿದರೆ ಅದು ಬಟ್ಟೆಯಲ್ಲ ಎಂಬ ಮಾತು ಸಾಹೇಬರದೇ. ಈಗ ಸರ್ಕಾರದ ಸ್ಯಾಂಪಲ್ಲು ಅವರ ಕೋಣೆಯಲ್ಲಿ, ಅವರ ಅಪ್ಪಣೆಯ ಮೇಲೆ, ಅಷ್ಟು ಜನರ ಎದುರಿಗೆ ಕರವಸ್ತ್ರವಾಗಿ ಕೂತಿತ್ತು. ಎಳೆದು ಹಿಡಿದರೆ ಶಾಲೂ ಆಗಬಹುದಿತ್ತು.

“ಆಯ್ತು...” ಎಂದು ಶುರುಮಾಡಿದ ಏಜೆಂಟು ಸಾಹೇಬರ ಮುಖ ನೋಡಿ ಉಳಿದದ್ದನ್ನು ನುಂಗಿಕೊಂಡ.

ಸಾಹೇಬರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. ಲ್ಯಾಬಿನಿಂದ ಬಂದ ತುಂಡಿನ ಪಕ್ಕ ಎರಡೂ ಚೌಕಗಳನ್ನು ಇಟ್ಟು, ಹಾಸು ಹೊಕ್ಕಿನ ಎಳೆಗಳನ್ನು ಭೂತಗನ್ನಡಿ ಹಿಡಿದು ನೋಡಿದರು. ಆಮೇಲೆ ಪುಸ್ತಕವನ್ನು ಮುಚ್ಚಿ, ಬಹಳ ಗಂಭೀರವಾಗಿ ಗುಮಾಸ್ತರ ಕಡೆ ತಿರುಗಿದರು.

“ಬರ್ಕೊಳ್ಳಿ. ಕಚೇರಿಯ ತುಂಡು ಪತ್ತೆಯಾಗಿದೆ, ಮೊಹರು ಸ್ಪಷ್ಟವಾಗಿದೆ, ನೇಯ್ಗೆ ಹೊಂದುತ್ತೆ. ಹೊಲಿಗೆ ಅನ್ನೋದು ಬಟ್ಟೆ ಈ ದೇಶಕ್ಕೆ ಬಂದಮೇಲೆ ನಡೆದ ಸಂಗತಿ. ಅದಕ್ಕೂ ಮೂಟೆಗೂ ಸಂಬಂಧ ಇಲ್ಲ.”

“ಹೊಲಿದವರು ಯಾರು ಅಂತ ಬರೀಲಿ ಸಾರ್?” ಎಂದರು ಗುಮಾಸ್ತರು. ಸಾಹೇಬರು ಅತ್ತೆಯ ಕಡೆ ತಿರುಗಿ, ಆಮದಪ್ಪನತ್ತ ಬೆರಳು ತೋರಿಸಿದರು. “ಅಮ್ಮಾ, ಇವರು ನಿಮಗೇನಾಗ್ಬೇಕು?”

ಅತ್ತೆ ಸೂಜಿಯನ್ನು ಡಬ್ಬಿಗೆ ಹಾಕಿದರು. ಡಬ್ಬಿಯ ಮುಚ್ಚಳ ಒತ್ತಿದರು. ಡಬ್ಬಿಯನ್ನು ಕೈಚೀಲಕ್ಕೆ ಸೇರಿಸಿದರು. ಆಮದಪ್ಪ ಕಣ್ಣು ಕೆಳಗೆ ಮಾಡಿಕೊಂಡು ನಿಂತಿದ್ದ. ಉತ್ತರ ಅವನಿಗೆ ಗೊತ್ತಿತ್ತು, ಎಷ್ಟೋ ಸಲ ಕೇಳಿದ್ದ.

“ಇವರಾ?” ಎಂದರು ಅತ್ತೆ. ಕತ್ತು ಸ್ವಲ್ಪ ನೆಟ್ಟಗಾಯಿತು. “ಇವರು ನಮ್ಮ ಅಳಿಯಂದ್ರು.”

ಗುಮಾಸ್ತರು ಟೈಪು ಮಾಡಿದರು. ಸಾಹೇಬರು ಸಹಿ ಹಾಕಿದರು. ಪರೀಕ್ಷಕ ಮೊಹರು ಒತ್ತಿದ, ಈ ಸಲ ಕಾಗದದ ಮೇಲೆ. ಹೆಂಡತಿ ಸೆರಗಿನಲ್ಲಿ ನಗು ಮುಚ್ಚಿಕೊಂಡು ಅಕ್ಕನಿಗೆ ಫೋನು ಮಾಡಲು ಹೊರಗೆ ಓಡಿದಳು. ಏಜೆಂಟು ಆಮದಪ್ಪನ ಎರಡೂ ಭುಜ ಹಿಡಿದು ಅಲುಗಾಡಿಸಿದ.

“ಸ್ವಾಮೀ, ಪಾಸಾಯ್ತು! ಮೂಟೆ ಲಿನನ್ ಅಂತಾನೇ ಬಿಡುಗಡೆ! ಇವತ್ತೇ ತಗೊಂಡು ಹೋಗ್ಬಹುದು. ಕೇಳಿಸ್ತಾ?”

“ಕೇಳಿಸ್ತು” ಎಂದ ಆಮದಪ್ಪ. “ಅಳಿಯಂದ್ರು ಅಂದ್ರು.”

ಅವನಿಗೆ ಕಣ್ಣು ತುಂಬಿಬಂತು. ಮೇಜಿನ ಮೇಲಿದ್ದ ಹೂವಿನ ಚೌಕವನ್ನು ಎತ್ತಿಕೊಂಡು ಕಣ್ಣೊರೆಸಿಕೊಂಡ. ಆಮೇಲೆ, ನಾಲ್ಕು ಜನ ನೋಡುತ್ತಿದ್ದಾರೆ ಎಂಬ ಎಚ್ಚರವೂ ಇಲ್ಲದೆ, ಕೋಣೆಯೆಲ್ಲ ಮೊಳಗುವಂತೆ ಮೂಗನ್ನೂ ಸೀಟಿದ.

ಗುಮಾಸ್ತರು ಸಾಹೇಬರ ಕಿವಿಯ ಹತ್ತಿರ ಬಗ್ಗಿದರು.

“ನಾನು ಮೊದ್ಲೇ ಹೇಳಿರ್ಲಿಲ್ವಾ ಸಾರ್, ಎಳೀದೆ ಬಿಟ್ರೆ ಕರವಸ್ತ್ರಾನೇ ಅಂತ?”